ದೋಸೆ ವಿಡಿಯೊ 11 ಜನ ಮಾತ್ರ ನೋಡಿದರು: ಶಿಯಾವ್‌ಹೊಂಗ್‌ಶುವಿನಲ್ಲಿ ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಾನು ದಾವಣಗೆರೆಯವಳು. ಯಜಮಾನರ ಕೆಲಸದ ಸಲುವಾಗಿ ನಾಲ್ಕು ತಿಂಗಳ ಹಿಂದೆ ಚೀನಾದ ಸೂಝೌಗೆ ಬಂದಿದ್ದೇವೆ. ಹಲ್ಲಿನ ಡಾಕ್ಟರ್ ಇರಲಿ, ಕರಿಬೇವು ಇರಲಿ, ಏನು ಕೇಳಿದರೂ ಪಕ್ಕದ ಮನೆ ಹುಡುಗಿ ‘ಶಿಯಾವ್‌ಹೊಂಗ್‌ಶು ನೋಡಿ’ ಅನ್ನುತ್ತಾಳೆ. ಆ್ಯಪ್ ಹಾಕಿಕೊಂಡೆ. ಚೈನೀಸ್ ಒಂದಕ್ಷರ ಬರಲ್ಲ. ಬೆಣ್ಣೆ ದೋಸೆ ಮಾಡುವ ವಿಡಿಯೊ ಹಾಕಿದೆ, 11 ಜನ ನೋಡಿದರು. ಎಲ್ಲಿಂದ ಶುರು ಮಾಡಬೇಕು? ಭಾರತದವರು ಅಲ್ಲಿ ಹುಷಾರಾಗಿರಬೇಕಾ? ಮುಂದೆ ಇದರಿಂದ ಕೈಖರ್ಚಿಗೆ ಒಂದಿಷ್ಟು ದುಡ್ಡಾಗುತ್ತದಾ?

ಉತ್ತರ: 11ಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಹನ್ನೆರಡು ವರ್ಷದ ಹಿಂದೆ ನಾನು ಶಾಂಘೈಗೆ ಬಂದೆ. ಈ ಆ್ಯಪಿನಲ್ಲಿ ನಾನು ಹಾಕಿದ ಮೊದಲ ಫೋಟೊ, ಬಾಲ್ಕನಿಯಿಂದ ಕಂಡ ಸೂರ್ಯಾಸ್ತ, ಅಷ್ಟು ಜನಕ್ಕೂ ಬೇಡವಾಗಿತ್ತು. ನಿಮ್ಮ ತಪ್ಪೂ ನನ್ನ ತಪ್ಪೂ ಒಂದೇ. ಇದನ್ನು ಇನ್‌ಸ್ಟಾಗ್ರಾಂ ಅಂದುಕೊಂಡು ಒಳಗೆ ಬಂದೆವು.

ನೋಡಲು ಹಾಗೇ ಇದೆ, ನಿಜ. ಬಳಸುವವರ ಉದ್ದೇಶ ಬೇರೆ. ಗೂಗಲ್ ತೆರೆಯದ ದೇಶ ಇದು. ಬಾಡಿಗೆ ಮನೆ, ಬಸ್ಸು, ಮಕ್ಕಳ ಜ್ವರ, ಮದುವೆಗೆ ಉಡುವ ಬಟ್ಟೆ, ಎಲ್ಲಕ್ಕೂ ಜನ ಇಲ್ಲಿ ಹುಡುಕುತ್ತಾರೆ. ಹೊಸ ಬಡಾವಣೆಗೆ ಹೋದಾಗ ನಾವು ಮೂಲೆ ಅಂಗಡಿಯವರನ್ನು ‘ಹಾಲು ಯಾರು ಹಾಕ್ತಾರೆ, ಪ್ಲಂಬರ್ ಎಲ್ಲಿ ಸಿಗ್ತಾನೆ’ ಅಂತ ಕೇಳುತ್ತೇವಲ್ಲ, ಆ ಕೆಲಸವನ್ನು ಇಲ್ಲಿ ಈ ಆ್ಯಪ್ ಮಾಡುತ್ತದೆ. ಮೂಲೆ ಅಂಗಡಿಗೆ ಹೊಸಬರು ಬಂದು ‘ನೋಡಿ, ನಾನು ದೋಸೆ ಮಾಡ್ತೀನಿ’ ಅಂದರೆ ಯಾರು ತಿರುಗಿ ನೋಡುತ್ತಾರೆ? ‘ನಮ್ಮ ಹಿಟ್ಟು ಈ ಚಳಿಗೆ ಉಬ್ಬುತ್ತಿಲ್ಲ, ನೀವೆಲ್ಲ ಏನು ಮಾಡ್ತೀರಿ?’ ಅಂದರೆ ಅಲ್ಲಿರುವವರೆಲ್ಲ ಬಾಯಿ ಹಾಕುತ್ತಾರೆ. ನಿಮ್ಮ ಪ್ರಶ್ನೆಗೆ ನನ್ನ ಉತ್ತರದ ಮುಕ್ಕಾಲು ಭಾಗ ಇಷ್ಟೇ. ತೋರಿಸಲು ಹೋಗಬೇಡಿ, ಕೇಳಲು ಹೋಗಿ.

ಈ ಗುಣ ಅದಕ್ಕೆ ಹುಟ್ಟಿನಿಂದಲೇ ಬಂದಿದ್ದು. ಮಿರಾಂಡಾ ಚ್ಯು ಮತ್ತು ಚಾರ್ಲ್‌ವಿನ್ ಮಾವ್ ಎಂಬ ಇಬ್ಬರು 2013ರಲ್ಲಿ ಶಾಂಘೈನಲ್ಲಿ ಇದನ್ನು ಶುರು ಮಾಡಿದರು. ಮೊದಲು ಅದು ಆ್ಯಪ್ ಕೂಡ ಆಗಿರಲಿಲ್ಲ. ವಿದೇಶಕ್ಕೆ ಹೋಗುವ ಚೀನೀಯರು ಅಲ್ಲಿ ಏನು ಕೊಳ್ಳಬೇಕು ಅಂತ ತಿಳಿಸುವ ಪಿಡಿಎಫ್ ಕೈಪಿಡಿ. ಈಗಲೂ ಇಲ್ಲಿ ಪೋಸ್ಟ್‌ಗೆ ‘ಬೀಜಿ’ ಅನ್ನುತ್ತಾರೆ. ಅಂದರೆ ಟಿಪ್ಪಣಿ, ನೋಟ್ಸ್. ಪರೀಕ್ಷೆಗೆ ಮುಂಚೆ ಗೆಳತಿಯ ನೋಟ್ಸ್ ಜೆರಾಕ್ಸ್ ಮಾಡಿಸಿಕೊಳ್ಳುತ್ತಿದ್ದೆವಲ್ಲ, ಆ ಅರ್ಥದಲ್ಲೇ ಓದಿಕೊಳ್ಳಿ. ಹೆಸರಿನ ಅರ್ಥ ‘ಪುಟ್ಟ ಕೆಂಪು ಪುಸ್ತಕ’. ಮಾವೋ ಉಕ್ತಿಗಳ ಕೆಂಪು ಪುಸ್ತಕಕ್ಕೆ ಚೈನೀಸ್‌ನಲ್ಲಿ ಬೇರೆ ಹೆಸರಿದೆ. ಹಾಗಾಗಿ ಇಲ್ಲಿಯ ಹುಡುಗರ ಹತ್ತಿರ ‘ಇದು ಮಾವೋ ಪುಸ್ತಕವಾ’ ಅನ್ನುವ ತಮಾಷೆ ಮಾಡಬೇಡಿ, ಹಳಸಿದ ಜೋಕ್ ಅದು.

ಇಂಗ್ಲಿಷ್‌ನಲ್ಲಿ ಇದರ ಹೆಸರು ರೆಡ್‌ನೋಟ್. 2025ರ ಜನವರಿಯಲ್ಲಿ ಅಮೆರಿಕದಲ್ಲಿ ಟಿಕ್‌ಟಾಕ್ ನಿಂತೇ ಹೋಗುತ್ತದೆ ಅನ್ನುವಾಗ ಅಲ್ಲಿನವರು ದಂಡು ದಂಡಾಗಿ ಇಲ್ಲಿಗೆ ಬಂದರು. ಚೀನೀಯರು ‘ಒಳಗೆ ಬರಬೇಕಾದರೆ ಬೆಕ್ಕಿನ ತೆರಿಗೆ ಕಟ್ಟಿ’ ಅಂದರು. ಅಂದರೆ ನಿಮ್ಮ ಬೆಕ್ಕಿನ ಫೋಟೊ ಹಾಕಿ ಅಂತ. ಬಂದವರು ಕಟ್ಟಿದರು. ಇಲ್ಲಿನ ಶಾಲೆ ಮಕ್ಕಳು ಅವರಿಂದ ಇಂಗ್ಲಿಷ್ ಹೋಂವರ್ಕ್ ಮಾಡಿಸಿಕೊಂಡರು. ಆ ಗದ್ದಲದಿಂದ ನಮಗಾದ ಲಾಭ ಅಂದರೆ ಅನುವಾದದ ಬಟನ್. ಅದೇ ತಿಂಗಳು ಅದು ಆ್ಯಪಿನೊಳಗೇ ಬಂತು. ನಾನು ಕಲಿತಾಗ ಒಂದೊಂದು ಸಾಲನ್ನೂ ಕಾಪಿ ಮಾಡಿ ಬೇರೆ ಕಡೆ ಹಾಕಬೇಕಿತ್ತು.

ಸರಿ, ಕೆಲಸಕ್ಕೆ ಬರೋಣ.

ಮೊದಲು ಸೆಟ್ಟಿಂಗ್ಸ್‌ನಲ್ಲಿ ಭಾಷೆ ಇಂಗ್ಲಿಷ್ ಮಾಡಿ. ಮೆನುಗಳಷ್ಟೇ ಬದಲಾಗುತ್ತವೆ, ಬೀಜಿಗಳು ಚೈನೀಸ್‌ನಲ್ಲೇ ಇರುತ್ತವೆ. ಮುಖಪುಟದಲ್ಲಿ ಎರಡು ಸಾಲು ಚಿತ್ರಗಳು ಕಾಣುತ್ತವೆ. ಚಿತ್ರ ಒತ್ತಿದರೆ ಬೀಜಿ ತೆರೆಯುತ್ತದೆ. ಕೆಳಗೆ ಹೃದಯ, ನಕ್ಷತ್ರ, ಕಾಮೆಂಟ್ ಗುರುತುಗಳಿರುತ್ತವೆ. ಹೃದಯ ಲೈಕ್‌ಗೆ. ನಕ್ಷತ್ರ ಎತ್ತಿಟ್ಟುಕೊಳ್ಳಲು. ಇಲ್ಲಿ ನಕ್ಷತ್ರಕ್ಕೇ ಬೆಲೆ ಜಾಸ್ತಿ. ಜನ ‘ಮುಂದೆ ಬೇಕಾಗುತ್ತೆ’ ಅಂತ ಎತ್ತಿಡುವ ಬೀಜಿ ಇನ್ನಷ್ಟು ಜನಕ್ಕೆ ಹೋಗುತ್ತದೆ. ನಿಮಗೆ ಫಾಲೋ ಮಾಡುವವರು ಒಬ್ಬರೂ ಇಲ್ಲದಿದ್ದರೂ ಪರವಾಗಿಲ್ಲ. ಹೊಸ ಬೀಜಿಯನ್ನು ಆ್ಯಪ್ ಮೊದಲು ಕೆಲವೇ ಅಪರಿಚಿತರಿಗೆ ತೋರಿಸಿ ನೋಡುತ್ತದೆ. ಅವರು ನಿಂತು ಓದಿದರೆ ಮುಂದಕ್ಕೆ ದಾಟಿಸುತ್ತದೆ. ನಿಮ್ಮ ದೋಸೆ ಆ 11 ಜನರ ಹತ್ತಿರವೇ ನಿಂತಿತು, ಅಷ್ಟೇ.

ಮೊದಲ ಎರಡು ವಾರ ಏನೂ ಹಾಕಬೇಡಿ. ಬರೀ ಹುಡುಕಿ. ಇಂಗ್ಲಿಷ್‌ನಲ್ಲಿ ಹುಡುಕಿದರೆ ಪ್ರವಾಸಿಗರ ಬೀಜಿಗಳು ಸಿಗುತ್ತವೆ. ಚೈನೀಸ್‌ನಲ್ಲಿ ಹುಡುಕಿದರೆ ಊರಿನವರದು ಸಿಗುತ್ತವೆ. ಬೇಕಾದ ಪದವನ್ನು ಅನುವಾದದ ಆ್ಯಪಿನಲ್ಲಿ ಚೈನೀಸ್ ಮಾಡಿ ಅಂಟಿಸಿ. ನಾನು ಬಳಸುವ ಸೂತ್ರ ಸುಲಭ: ಊರಿನ ಹೆಸರು, ಬೇಕಾದ ವಸ್ತು, ಜೊತೆಗೆ ಒಂದು ಬಾಲ. ಬಾಲಗಳಲ್ಲಿ ಎರಡು ಗೊತ್ತಿದ್ದರೆ ಸಾಕು. ‘ಗೊಂಗ್‌ಲ್ಯುಎ’ ಅಂದರೆ ಎ ಇಂದ ಝಡ್‌ವರೆಗೆ ಹೇಗೆ ಮಾಡಬೇಕು ಅನ್ನುವ ಮಾರ್ಗದರ್ಶಿ. ‘ಬೀಲೇ’ ಅಂದರೆ ಸಿಡಿಲು ತಪ್ಪಿಸಿಕೊಳ್ಳುವುದು, ‘ಇಲ್ಲಿಗೆ ಹೋಗಿ ಕೆಟ್ಟೆ, ನೀವು ಹೋಗಬೇಡಿ’ ಅಂತ. ಹಲ್ಲಿನ ಡಾಕ್ಟರ್ ಹುಡುಕುವಾಗ ಆಸ್ಪತ್ರೆ ಹೆಸರಿನ ಮುಂದೆ ಬೀಲೇ ಸೇರಿಸಿ ನೋಡಿ. ಹೊಗಳಿಕೆಯನ್ನು ದುಡ್ಡು ಕೊಟ್ಟು ಬರೆಸುವವರು ಇಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ‘ನೀರಿನ ಸೇನೆ’ ಅಂತಲೇ ಹೆಸರು. ಬೀಲೇ ಬರೆಯುವವರು ಹೆಚ್ಚಾಗಿ ನಿಜವಾಗಿ ಸುಟ್ಟುಕೊಂಡವರು. ಆದರೂ ಪಕ್ಕದ ಅಂಗಡಿಯವನು ಹೊಟ್ಟೆಕಿಚ್ಚಿಗೆ ಬರೆಸಿರಬಹುದು. ಒಂದೇ ದೂರು ನಾಲ್ಕು ಜನರಿಂದ, ಬೇರೆ ಬೇರೆ ತಿಂಗಳಲ್ಲಿ ಬಂದಿದ್ದರೆ ನಂಬಿ.

ಒಂದು ತೊಡಕಿದೆ. ಅನುವಾದದ ಬಟನ್ ಬರಹಕ್ಕೆ ಮಾತ್ರ ಸಹಾಯಕ್ಕೆ ಬರುತ್ತದೆ. ಇಲ್ಲಿಯವರು ಮುಖ್ಯ ವಿಷಯವನ್ನೆಲ್ಲ ಚಿತ್ರದ ಮೇಲೆ ಬರೆದುಬಿಡುತ್ತಾರೆ. ಆಗ ಸ್ಕ್ರೀನ್‌ಶಾಟ್ ತೆಗೆದು ವೀಚಾಟ್‌ನಲ್ಲಿ (ನಮ್ಮ ವಾಟ್ಸ್‌ಆ್ಯಪ್‌ನಂಥದ್ದು) ನಿಮಗೇ ಕಳಿಸಿಕೊಳ್ಳಿ. ಆ ಚಿತ್ರವನ್ನು ಒತ್ತಿ ಹಿಡಿದರೆ ಅನುವಾದ ಅಂತ ಬರುತ್ತದೆ.

ಇನ್ನು ಕಾಮೆಂಟುಗಳು. ನನ್ನನ್ನು ಕೇಳಿದರೆ ಬೀಜಿಗಿಂತ ಕಾಮೆಂಟುಗಳೇ ರುಚಿ. ಆದರೆ ಅಲ್ಲಿ ಅನುವಾದ ಕೈಕೊಡುತ್ತದೆ. ಕರಿಬೇವು ಎಲ್ಲಿ ಸಿಗುತ್ತದೆ ಅಂತ ಯಾರೋ ಕೇಳಿರುತ್ತಾರೆ. ಕೆಳಗೆ ಹತ್ತು ಜನ ‘ಕುಕ್ಕರಗಾಲು, ಕುಕ್ಕರಗಾಲು’ ಅಂತ ಬರೆದಿರುತ್ತಾರೆ. ಮೂಲದಲ್ಲಿ ಆ ಪದ ‘ದುನ್’. ಇಲ್ಲೇ ಕುಕ್ಕರಗಾಲಲ್ಲಿ ಕೂತು ಉತ್ತರಕ್ಕೆ ಕಾಯುತ್ತಿದ್ದೇನೆ, ನನಗೂ ಬೇಕು ಅಂತ ಅರ್ಥ. ನಿಮಗೂ ಬೇಕಿದ್ದರೆ ನೀವೂ ಒಂದು ದುನ್ ಹಾಕಿ ಕೂತುಕೊಳ್ಳಿ. ಗುರುತಿಲ್ಲದವರು ನಿಮ್ಮನ್ನು ‘ಬಾವ್’ ಅನ್ನಬಹುದು. ಅಪಾರ್ಥ ಬೇಡ, ಅದು ನಿಧಿ, ಒಡವೆ ಅನ್ನುವ ಪದ. ನಮ್ಮ ‘ಚಿನ್ನ’ ಇದೆಯಲ್ಲ, ಅದೇ. ‘ದಾಝ’ ಅಂದರೆ ಒಂದೇ ಕೆಲಸಕ್ಕೆ ಜೊತೆ. ಊಟದ ದಾಝ, ವಾಕಿಂಗ್ ದಾಝ, ಬ್ಯಾಡ್ಮಿಂಟನ್ ದಾಝ. ಗೆಳೆತನದ ಭಾರ ಇಲ್ಲ. ಹೊಸ ಊರಲ್ಲಿ ಒಬ್ಬರೇ ಇರುವ ನಿಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಪದ ಇಲ್ಲ. ಸೂಝೌನ ಜಿನ್‌ಜಿ ಸರೋವರದ ಸುತ್ತ ಬೆಳಿಗ್ಗೆ ನಡೆಯಲು ದಾಝ ಬೇಕು ಅಂತ ಹಾಕಿ ನೋಡಿ. ಮೊದಲ ಭೇಟಿ ಮಾತ್ರ ಜನ ಇರುವ ಜಾಗದಲ್ಲಿರಲಿ.

‘ಉಪಗ್ರಹದಲ್ಲಿ ಮಾತಾಡೋಣ’ ಅಂತ ಯಾರಾದರೂ ಬರೆದರೆ ಗಾಬರಿಯಾಗಬೇಡಿ. ವೀಚಾಟ್‌ನ ಚೈನೀಸ್ ಹೆಸರು ‘ವೇಶಿನ್’, ಉಪಗ್ರಹಕ್ಕೆ ‘ವೇಶಿಂಗ್’. ಗಿರಾಕಿಯನ್ನು ಬೇರೆ ಆ್ಯಪಿಗೆ ಎಳೆದುಕೊಂಡು ಹೋಗುವುದು ಇಲ್ಲಿ ನಿಯಮಕ್ಕೆ ವಿರುದ್ಧ. ಅದಕ್ಕೇ ಈ ಗುಟ್ಟಿನ ಭಾಷೆ. ದುಡ್ಡಿಗೂ ‘ಅಕ್ಕಿ’ ಅಂತ ಬರೆಯುತ್ತಾರೆ. ನಿಮ್ಮ ಫೋನ್ ನಂಬರ್, ವೀಚಾಟ್ ಐಡಿ ಎರಡನ್ನೂ ಕಾಮೆಂಟಿನಲ್ಲಿ ಹಾಕಬೇಡಿ. ಮನೆ ಕೊಡಿಸುತ್ತೇನೆ, ವೀಸಾ ಮಾಡಿಸುತ್ತೇನೆ ಅಂತ ಮೊದಲ ಮಾತಿಗೇ ಉಪಗ್ರಹಕ್ಕೆ ಕರೆಯುವವರಿಂದ ದೂರವಿರಿ.

ಇಲ್ಲಿ ನನ್ನ ಪೆದ್ದುತನ ಒಂದು ಹೇಳಿಬಿಡುತ್ತೇನೆ. ಹೊಸದರಲ್ಲಿ ಒಬ್ಬಳು ಕಾಲೇಜು ಹುಡುಗಿ ನನಗೆ ಮೆಟ್ರೊ ದಾರಿಯನ್ನು ಚಿತ್ರ ಬರೆದು ವಿವರಿಸಿದ್ದಳು. ನಾನು ಕೃತಜ್ಞತೆಯಿಂದ ಒಂದು ಹಳದಿ ನಗುಮುಖ ಹಾಕಿದೆ, ಬಾಯಿ ಮುಚ್ಚಿಕೊಂಡು ಸುಮ್ನೆ ನಗುವ ಮುಖ. ಅವಳಿಂದ ಬಂದ ಉತ್ತರ: ‘ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ’. ನನಗೆ ತಲೆಬುಡ ಅರ್ಥವಾಗಲಿಲ್ಲ. ಆಮೇಲೆ ಸಹೋದ್ಯೋಗಿಯೊಬ್ಬರು ಹೇಳಿದರು. ಇಲ್ಲಿನ ಹುಡುಗ ಹುಡುಗಿಯರಿಗೆ ಆ ನಗು ಅಂದರೆ ‘ಸಾಕು ಹೋಗಮ್ಮ’ ಅಂತ. ವಯಸ್ಸಾದವರು ಮಾತ್ರ ಅದನ್ನು ನಿಜವಾದ ನಗುವಾಗಿ ಕಳಿಸುತ್ತಾರೆ. ಹಲ್ಲು ಕಾಣುವ ನಗು, ಇಲ್ಲವೇ ಗುಲಾಬಿ ಹೂವು ಹಾಕಿ. ಯಾರಾದರೂ ನಿಮಗೆ ‘666’ ಅಂತ ಬರೆದರೆ ಖುಷಿಪಡಿ, ಭೇಷ್ ಅಂತ ಅರ್ಥ.

ಈಗ ನಿಮ್ಮ ದೋಸೆಗೆ ಬರುತ್ತೇನೆ. ‘ಟಿಂಗ್‌ಚ್ಯುವೆನ್’ ಅನ್ನುವ ಪದ ಬರೆದಿಟ್ಟುಕೊಳ್ಳಿ. ‘ಹೇಳಿದ್ದು ಕೇಳ್ತೀನಿ’ ಅಂತ ಅರ್ಥ. ಈ ಪದ ಹಾಕಿ ಫೋಟೊ ಹಾಕಿದರೆ ಇಡೀ ದೇಶದ ಅಕ್ಕತಂಗಿಯರು ಬುದ್ಧಿ ಹೇಳಲು ಬಂದುಬಿಡುತ್ತಾರೆ. ಹೇರ್‌ಕಟ್ ಸರಿಯಿಲ್ಲ, ಕನ್ನಡಕ ಬದಲಿಸಿ, ಗಡ್ಡ ತೆಗೆಯಿರಿ. ಎಷ್ಟೋ ವಿದೇಶೀಯರು ಹೀಗೆ ಕೇಳಿ, ಹೇಳಿದಂತೆ ಮಾಡಿ, ಮತ್ತೆ ಫೋಟೊ ಹಾಕಿಯೇ ಇಲ್ಲಿ ಹೆಸರು ಮಾಡಿದ್ದಾರೆ. ಬುದ್ಧಿ ಹೇಳಿದವರಿಗೆ ಅದು ಫಲಿಸಿದ್ದನ್ನು ನೋಡುವ ಚಪಲ ಇರುತ್ತದಲ್ಲ.

ನಾನೂ ಒಂದು ಜನವರಿಯಲ್ಲಿ ಇಡ್ಲಿ ಹಿಟ್ಟಿನ ಪಾತ್ರೆಯ ಫೋಟೊ ಹಾಕಿ ಹೀಗೇ ಕೇಳಿದ್ದೆ. ರಾತ್ರಿಯೆಲ್ಲ ಇಟ್ಟರೂ ಹಿಟ್ಟು ಕಲ್ಲಿನಂತೆ ಕೂತಿತ್ತು. ಬೆಳಿಗ್ಗೆ ನೋಡಿದರೆ ಕಾಮೆಂಟಿನಲ್ಲಿ ಜಗಳ ಹತ್ತಿತ್ತು. ಉತ್ತರದ ಒಬ್ಬರು ‘ರೇಡಿಯೇಟರ್ ಮೇಲೆ ಇಡಿ, ನಾಲ್ಕು ಗಂಟೆ ಸಾಕು’ ಅಂದಿದ್ದರು. ದಕ್ಷಿಣದವರೆಲ್ಲ ಅವರ ಮೇಲೆ ಬಿದ್ದಿದ್ದರು: ‘ನಮ್ಮ ಮನೆಗಳಲ್ಲಿ ರೇಡಿಯೇಟರ್ ಎಲ್ಲಿದೆ?’ ಚಿನ್‌ಲಿಂಗ್ ಬೆಟ್ಟ ಮತ್ತು ಹ್ವಾಯ್ ನದಿಯ ಗೆರೆಯ ಉತ್ತರಕ್ಕೆ ಚಳಿಗಾಲದಲ್ಲಿ ಮನೆಗಳನ್ನು ಬೆಚ್ಚಗಿಡುವ ಸರ್ಕಾರದ ವ್ಯವಸ್ಥೆ ಇದೆ, ದಕ್ಷಿಣಕ್ಕಿಲ್ಲ. ಶಾಂಘೈ, ಸೂಝೌ ಎರಡೂ ಗೆರೆಯ ದಕ್ಷಿಣಕ್ಕಿವೆ. ನಮಗೆ ಕೊನೆಗೆ ದಾರಿ ತೋರಿಸಿದ್ದು ಒಬ್ಬ ಅಜ್ಜಿ. ಮಾಂಟೌ, ಅಂದರೆ ಆವಿಯಲ್ಲಿ ಬೇಯಿಸುವ ಬನ್ನಿನ ಹಿಟ್ಟನ್ನು ಆಕೆ ಎಲೆಕ್ಟ್ರಿಕ್ ಹೊದಿಕೆಯಲ್ಲಿ ಸುತ್ತಿ ಮಲಗಿಸುತ್ತಾರಂತೆ. ನಾನೂ ಮಲಗಿಸಿದೆ. ಮಾರನೆಯ ದಿನ ಉಬ್ಬಿ ಮುಚ್ಚಳ ಎತ್ತಿದ ಪಾತ್ರೆಯ ಫೋಟೊ ಹಾಕಿದೆ. ಆ ಅಜ್ಜಿ ಇವತ್ತಿಗೂ ಹಬ್ಬಕ್ಕೆ ಮೆಸೇಜ್ ಮಾಡುತ್ತಾರೆ.

ನಿಮ್ಮ ಬೀಜಿ ಹೀಗಿರಲಿ. ವಿಡಿಯೊ ಬೇಡ, ಫೋಟೊಗಳೇ ಸಾಕು. ಎತ್ತರ ಜಾಸ್ತಿ, ಅಗಲ ಕಮ್ಮಿ ಇರುವ ಮೂರು–ನಾಲ್ಕು ಫೋಟೊ. ಮೊದಲನೆಯದು ಕವರ್. ಅದರ ಮೇಲೆ ದಪ್ಪಕ್ಷರದಲ್ಲಿ ನಿಮ್ಮ ಸಮಸ್ಯೆ ಇರಲಿ. ಕಾವಲಿಗೆ ಅಂಟಿಕೊಂಡು ಹರಿದ ದೋಸೆ ಇದ್ದರೆ ಅದನ್ನೇ ಕವರ್ ಮಾಡಿ, ಚೆಂದದ ದೋಸೆಗಿಂತ ಅದು ಚೆನ್ನಾಗಿ ಓಡುತ್ತದೆ. ಶೀರ್ಷಿಕೆಗೆ 20 ಅಕ್ಷರ ಮಾತ್ರ ಜಾಗ. ‘ಸೂಝೌನಲ್ಲಿರುವ ಭಾರತದ ಗೃಹಿಣಿ, ಹಿಟ್ಟು ಉಬ್ಬುತ್ತಿಲ್ಲ, ಹೇಳಿದ್ದು ಕೇಳ್ತೀನಿ’ ಅನ್ನುವುದು ಚೈನೀಸ್‌ನಲ್ಲಿ ಅಷ್ಟರೊಳಗೆ ಹಿಡಿಯುತ್ತದೆ. ದೋಸೆ ಅಂದರೆ ಅವರಿಗೆ ತಿಳಿಯದು. ‘ಇಂಡಿಯಾದ ಜಿಯೆನ್‌ಬಿಂಗ್’ ಅನ್ನಿ. ಬೆಳಗಿನ ತಳ್ಳುಗಾಡಿಯಲ್ಲಿ ಹುಯ್ದು ಕೊಡುತ್ತಾರಲ್ಲ, ನೀವೂ ನೋಡಿರುತ್ತೀರಿ, ನಮ್ಮ ದೋಸೆಯ ದಾಯಾದಿ ಅದು. ಬರಹ ನಾಲ್ಕು ಸಾಲು ಸಾಕು. ಅನುವಾದ ಮಾಡಿದ್ದನ್ನು ಪಕ್ಕದ ಮನೆ ಹುಡುಗಿಗೆ ಒಮ್ಮೆ ತೋರಿಸಿ ಹಾಕಿ. ತಪ್ಪಿದ್ದರೂ ನಡೆಯುತ್ತದೆ, ತಿದ್ದುವವರು ಬರುತ್ತಾರೆ. ಬಂದ ಕಾಮೆಂಟುಗಳಿಗೆಲ್ಲ ಅವತ್ತೇ ಉತ್ತರ ಕೊಡಿ. ಇದೊಂದನ್ನು ಮಾತ್ರ ಬಿಡಬೇಡಿ.

ಭಾರತದವರು ಹುಷಾರಾಗಿರಬೇಕಾ ಅಂತ ಕೇಳಿದ್ದೀರಿ. ಮುಚ್ಚಿಡುವುದಿಲ್ಲ. ನಿಮ್ಮ ಬೀಜಿಯ ಕೆಳಗೆ ‘ಆ ಸಾನ್’ ಅಂತ ಯಾರಾದರೂ ಬರೆದರೆ ಅದು ಭಾರತೀಯರಿಗೆ ಇಟ್ಟ ಹೀನ ಹೆಸರು. ಕೈಯಲ್ಲಿ ತಿನ್ನುವುದು, ಗಂಗೆಯ ನೀರು, ರೈಲಿಗೆ ಜೋತು ಬೀಳುವುದು, ಈ ಮೂರು ಜೋಕುಗಳು ತಪ್ಪದೆ ಬರುತ್ತವೆ. ಉತ್ತರ ಕೊಡಬೇಡಿ. ಅಳಿಸಿ, ಬ್ಲಾಕ್ ಮಾಡಿ, ಕಾಫಿ ಕುಡಿಯಿರಿ. ನನ್ನ ಲೆಕ್ಕದಲ್ಲಿ ಹತ್ತರಲ್ಲಿ ಒಬ್ಬರು ಹಾಗೆ. ಉಳಿದವರು ಆಮಿರ್ ಖಾನ್ ಬಗ್ಗೆ ಕೇಳುತ್ತಾರೆ, ಸೀರೆ ಉಡುವುದು ಹೇಗೆ ಅಂತ ಕೇಳುತ್ತಾರೆ.

ಗಡಿ, ಗಾಲ್ವಾನ್, ತೈವಾನ್, ಟಿಬೆಟ್, ಯಾವ ರಾಜಕೀಯವೂ ಬೇಡ. ಅಷ್ಟು ಎಲ್ಲರಿಗೂ ಗೊತ್ತು. ಎಲ್ಲರೂ ಮರೆಯುವುದು ನಕ್ಷೆ. ‘ನಮ್ಮೂರು ಇಲ್ಲಿದೆ’ ಅಂತ ಭಾರತದ ನಕ್ಷೆ ಹಾಕುವ ಆಸೆ ಬರುತ್ತದೆ. ನಮ್ಮ ನಕ್ಷೆಯಲ್ಲಿ ಅರುಣಾಚಲವೂ ಅಕ್ಸಾಯ್ ಚಿನ್ ಕೂಡ ನಮ್ಮದು. ಅವರ ನಕ್ಷೆಯಲ್ಲಿ ಅವರದು. ನಮ್ಮದನ್ನು ಹಾಕಿದರೆ ಇಲ್ಲಿ ಗಲಾಟೆ. ಅವರದನ್ನು ಹಾಕಿದರೆ ಭಾರತದ ಕಾನೂನಿನಲ್ಲಿ ಅಪರಾಧ. ನಕ್ಷೆಯನ್ನೇ ಹಾಕಬೇಡಿ. ದಾವಣಗೆರೆ ಎಲ್ಲಿದೆ ಅಂದರೆ ‘ಬೆಂಗಳೂರಿನಿಂದ ರೈಲಿನಲ್ಲಿ ಕೆಲವು ಗಂಟೆ’ ಅನ್ನಿ. ಹಾಗೆಯೇ ‘ಏಣಿ ಎಲ್ಲಿ ಸಿಗುತ್ತದೆ’ ಅಂತ ಕೇಳಬೇಡಿ. ಏಣಿ ಅಂದರೆ ವಿಪಿಎನ್, ಗೂಗಲ್‌ನಂಥ ಇಲ್ಲಿ ತಡೆದ ತಾಣಗಳನ್ನು ತೆರೆಯಲು, ಅಂದರೆ ಆ ತಡೆಯ ಗೋಡೆ ಹತ್ತುವುದಕ್ಕೆ. ಅದು ಈ ಆ್ಯಪಿನಲ್ಲಿ ಆಡುವ ಮಾತಲ್ಲ.

2022ರಿಂದ ಪ್ರತಿಯೊಬ್ಬರ ಬೀಜಿ, ಕಾಮೆಂಟುಗಳ ಕೆಳಗೆ ಅವರು ಇರುವ ಪ್ರಾಂತ್ಯ ತಾನಾಗಿ ಕಾಣುತ್ತದೆ. ನಿಮ್ಮದು ಜಿಯಾಂಗ್ಸು ಅಂತ ಬರುತ್ತದೆ. ಅದನ್ನು ಮುಚ್ಚಲಾಗದು. ಆದರೆ ಮನೆಯ ಕಿಟಕಿಯಾಚೆಯ ನೋಟ, ಮಗುವಿನ ಶಾಲೆಯ ಯೂನಿಫಾರ್ಮ್, ಲಿಫ್ಟ್‌ನಲ್ಲಿ ಬರೆದ ಬ್ಲಾಕ್ ನಂಬರ್, ಇವು ಫೋಟೊದಲ್ಲಿ ಬೀಳದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ.

ದುಡ್ಡಿನ ವಿಷಯಕ್ಕೆ ನನ್ನ ಉತ್ತರ: ಬೇಡ. ಯಜಮಾನರ ಕೆಲಸದ ಮೇಲೆ ಬಂದಿದ್ದೀರಿ ಅಂದರೆ ನಿಮ್ಮದು ಬಹುಶಃ ಎಸ್1 ವೀಸಾ, ಅದರ ಮೇಲೆ ಸಿಕ್ಕ ವಾಸದ ಪರವಾನಗಿ. ಅದರಲ್ಲಿ ದುಡಿಯುವ ಹಕ್ಕಿಲ್ಲ. ಬ್ರ್ಯಾಂಡಿನವರಿಂದ ದುಡ್ಡು ತೆಗೆದುಕೊಂಡು ಬೀಜಿ ಬರೆದರೂ, ಲೈವ್‌ನಲ್ಲಿ ಸಾಮಾನು ಮಾರಿದರೂ ಅದನ್ನು ಕೆಲಸ ಅಂತಲೇ ಹಿಡಿಯಬಹುದು. 2013ರ ಜುಲೈನಲ್ಲಿ ಜಾರಿಗೆ ಬಂದ ವಲಸೆ ಕಾನೂನಿನ 80ನೇ ಕಲಮಿನ ಪ್ರಕಾರ ಅಕ್ರಮವಾಗಿ ದುಡಿದ ವಿದೇಶೀಯರಿಗೆ 5,000ದಿಂದ 20,000 ಯುವಾನ್ ದಂಡ. ಪ್ರಕರಣ ಗಂಭೀರ ಅನ್ನಿಸಿದರೆ 5ರಿಂದ 15 ದಿನ ಬಂಧನವೂ ಸೇರುತ್ತದೆ. ದೋಸೆ ಹಿಟ್ಟನ್ನು ಡಬ್ಬಿಗೆ ಹಾಕಿ ಮಾರುವ ಯೋಚನೆಯಿದ್ದರೆ ಆಹಾರದ ಲೈಸೆನ್ಸ್ ಪ್ರಶ್ನೆಯೂ ಬರುತ್ತದೆ. ನಿಮ್ಮನ್ನು ನಾಲ್ಕು ಜನ ಗುರುತಿಸುವ ಹೊತ್ತಿಗೆ ಹೋಟೆಲಿನವರು ‘ಬಂದು ಊಟ ಮಾಡಿ, ಬಿಲ್ ಬೇಡ, ಒಂದು ಬೀಜಿ ಹಾಕಿ’ ಅಂತ ಕರೆಯುತ್ತಾರೆ. ನಾನಾಗಿದ್ದರೆ ಹೋಗುವುದಿಲ್ಲ, ಹೋದರೂ ಬಿಲ್ ಕೊಟ್ಟು ಬರುತ್ತೇನೆ. ನಿಮ್ಮ ತಪ್ಪಿಗೆ ಯಜಮಾನರ ಕೆಲಸಕ್ಕೂ ತೊಡಕಾಗಬಹುದು ಅನ್ನುವುದು ನೆನಪಿರಲಿ. ನಿಜವಾಗಿ ದುಡಿಯಲೇಬೇಕು ಅಂದರೆ ಮೊದಲು ಕೆಲಸದ ಪರವಾನಗಿ, ಆಮೇಲೆ ಆ್ಯಪ್.

ಕೊನೆಗೆ ಫೋನ್ ನಂಬರಿನ ವಿಚಾರ. ತುಂಬಾ ಜನ ಇಲ್ಲಿ ಎಡವುತ್ತಾರೆ. ವೀಚಾಟ್ ಮೂಲಕ ಶಿಯಾವ್‌ಹೊಂಗ್‌ಶುಗೆ ಲಾಗಿನ್ ಆಗಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ ನಿಮ್ಮ ಚೀನಾ ನಂಬರನ್ನೂ ಸೇರಿಸಿ. 2020ರ ಜೂನ್ 29ರಂದು ಭಾರತ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ವೀಚಾಟ್ ಕೂಡ ಒಂದು. ಊರಿಗೆ ಹೋದಾಗ ಅದನ್ನು ನೆಚ್ಚಿಕೊಂಡರೆ ಎರಡಕ್ಕೂ ಕುತ್ತು. ಇನ್ನು ಚೀನಾ ಬಿಟ್ಟು ಬರುವಾಗ ಸಿಮ್ ಬಿಸಾಡಬೇಡಿ. ಬಿಟ್ಟ ನಂಬರನ್ನು ಕಂಪನಿಯವರು ಸ್ವಲ್ಪ ಕಾಲದ ಮೇಲೆ ಬೇರೆಯವರಿಗೆ ಕೊಡುತ್ತಾರೆ. ಆಮೇಲೆ ಓಟಿಪಿ ಅವರಿಗೆ ಹೋಗುತ್ತದೆ, ನಿಮ್ಮ ಖಾತೆಯ ಬಾಗಿಲು ನಿಮಗೇ ತೆರೆಯುವುದಿಲ್ಲ. ನಂಬರ್ ಉಳಿಸಿಕೊಳ್ಳಲೆಂದೇ ತಿಂಗಳಿಗೆ 8 ಯುವಾನ್‌ನ ಪ್ಲಾನ್ ಇದೆ. ಅಂಗಡಿಯವರು ತಾವಾಗಿ ಹೇಳುವುದಿಲ್ಲ, ನೀವೇ ಬಾಯಿ ಬಿಟ್ಟು ಕೇಳಬೇಕು. ಪಾಸ್‌ಪೋರ್ಟ್ ಜೊತೆಗಿರಲಿ.